ಎಣಿಸಿ ಕೊಡುವ ರೊಟ್ಟಿ, ಬೇಕಾದಷ್ಟು ಅನ್ನ

ತೆಲಂಗಾಣದ ಪೆದ್ದೆಮುಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ಅಗ್ಗದ ಖಾನಾವಳಿಗಳಲ್ಲಿ ಸಾಮಾನ್ಯವಾಗಿ ಅನ್ನವನ್ನು ಕೇಳಿದಷ್ಟು ಬಡಿಸುತ್ತಾರೆ, ಜೋಳದ ರೊಟ್ಟಿಯನ್ನು ಮಾತ್ರ ಎಣಿಸಿ ಕೊಡುತ್ತಾರೆ. ಇದು ರೊಟ್ಟಿಯ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವೂ ಆಗಿನ ಆಂಧ್ರಪ್ರದೇಶಕ್ಕೆ ಸೇರಿದವು. ಆದರೂ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು. ಅಂಥ ನೆಲದಲ್ಲಿ ರೊಟ್ಟಿ ತುಟ್ಟಿಯಾದದ್ದು ಜೋಳ ತುಟ್ಟಿಯಾದದ್ದರಿಂದ ಅಲ್ಲ. ಸರ್ಕಾರ ಅನ್ನದ ಖರ್ಚನ್ನು ತಾನೇ ಹೊತ್ತು, ರೊಟ್ಟಿಯದನ್ನು ಉಣ್ಣುವವನ ಮೇಲೆ ಬಿಟ್ಟದ್ದರಿಂದ ಎಂಬುದು ನನ್ನ ವಾದ.

2024-25ರ ಬೆಂಬಲ ಬೆಲೆ ನೋಡಿ. ಕ್ವಿಂಟಲ್ ಭತ್ತಕ್ಕೆ 2,300 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,371. ಮೇಲ್ನೋಟಕ್ಕೆ ಜೋಳವೇ ತುಟ್ಟಿ. ಆದರೆ ಸರ್ಕಾರದ ಲೆಕ್ಕದಲ್ಲೇ ಕ್ವಿಂಟಲ್ ಭತ್ತದಿಂದ ಸಿಗುವ ಅಕ್ಕಿ ಸುಮಾರು 67 ಕಿಲೊ. ಅಂದರೆ ಕ್ವಿಂಟಲ್ ಅಕ್ಕಿಗೆ ಭತ್ತದ ಬೆಲೆಯೇ 3,400 ದಾಟುತ್ತದೆ, ಮಿಲ್ಲಿನ ಖರ್ಚು ಬೇರೆ. ಜೋಳದಲ್ಲಿ ಈ ನಷ್ಟವಿಲ್ಲ, ಕಾಳನ್ನು ಹಾಗೇ ಗಿರಣಿಗೆ ಹಾಕಬಹುದು. ಬೊಕ್ಕಸಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಭಾರ. ಆದರೆ 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೊಗೆ 2 ರೂಪಾಯಿಯ ಅಕ್ಕಿ ಕೊಟ್ಟಾಗಿನಿಂದ, 2025ರಲ್ಲಿ ತೆಲಂಗಾಣ ತಲೆಗೆ 6 ಕಿಲೊ ಸಣ್ಣಕ್ಕಿಯನ್ನು ಪುಕ್ಕಟೆ ಕೊಡತೊಡಗುವವರೆಗೆ, ಪಡಿತರವೆಂದರೆ ಅಕ್ಕಿ ಎಂಬುದೇ ರೂಢಿಯಾಯಿತು. 2014ರಲ್ಲಿ ಹೈದರಾಬಾದಿನಲ್ಲಿ ಶುರುವಾದ 5 ರೂಪಾಯಿಯ ಅನ್ನಪೂರ್ಣ ಊಟವೂ ಅನ್ನ-ಸಾಂಬಾರಿನದೇ ಆಗಿತ್ತು. 2013ರ ಆಹಾರ ಭದ್ರತಾ ಕಾಯ್ದೆ ಸಿರಿಧಾನ್ಯ, ಜೋಳಗಳಿಗೂ ಕಿಲೊಗೆ 1 ರೂಪಾಯಿಯ ದರ ನಿಗದಿ ಮಾಡಿತ್ತು. ಕಾಯ್ದೆಯಲ್ಲಿ ದಾರಿಯಿದೆ, ನಡೆದವರು ಕಡಿಮೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಕೈಕೆಲಸದ್ದು. ಅನ್ನ ಒಂದೇ ಹಂಡೆಯಲ್ಲಿ ನೂರು ಜನಕ್ಕೆ ಬೇಯುತ್ತದೆ, ರೊಟ್ಟಿ ಒಂದೊಂದಾಗಿಯೇ ಆಗಬೇಕು. ಮಾತು ನಿಜ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿವ ನೀರು ಹಾಕಿ, ಬಿಸಿಯಿರುವಾಗಲೇ ಅಂಗೈಯಿಂದ ತಿಕ್ಕಿ ನಾದಿದರೆ ಮಾತ್ರ ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ ತಿರುವಬೇಕು, ಕ್ಷಣ ತಡವಾದರೆ ಬಿರುಕು. ಈ ಕೌಶಲಕ್ಕೆ ಕೂಲಿ ಸಲ್ಲಲೇಬೇಕು. ಹಾಗಿದ್ದರೂ ಅದು ಅಗ್ಗದ ಊಟಕ್ಕೆ ಒಗ್ಗದ ಖರ್ಚು ಎನ್ನುವುದು ಸರಿಯಲ್ಲ. ಅದು ಹಳ್ಳಿಯ ಹೆಂಗಸರ ಕೈಗೆ ನೇರ ಹೋಗುವ ದುಡ್ಡು. ಜೊತೆಗೆ, ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಎಲ್ಲವನ್ನೂ ಮಧ್ಯಾಹ್ನ ಹನ್ನೆರಡಕ್ಕೇ ಬಡಿಯಬೇಕಿಲ್ಲ. ಪಕ್ಕದ ಕಲಬುರಗಿಯಲ್ಲಿ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಇದನ್ನೇ ಉದ್ಯಮ ಮಾಡಿವೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುವುದನ್ನು ಪ್ರಧಾನಿ 2025ರ ಜೂನ್‌ನ ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು.

ಜೋಳ ಬೆಳೆಯುವವರೆಲ್ಲಿ ಎನ್ನುವವರಿಗೆ ಜಹೀರಾಬಾದೇ ಉತ್ತರ. ಮೈಸೂರು ಮೂಲದ ಪಿ.ವಿ. ಸತೀಶ್ ಮುನ್ನಡೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳು ಹೊಲಗಳನ್ನು ಹದ ಮಾಡಿ, ಬೆಳೆದ ಜೋಳವನ್ನು ಊರಲ್ಲೇ ಕೂಡಿಟ್ಟು, ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಪಡಿತರ ನಡೆಸಿದವು. ಸಿರಿಧಾನ್ಯದ ಊಟಕ್ಕೆಂದೇ ಪಟ್ಟಣದಲ್ಲಿ ಹೋಟೆಲನ್ನೂ ತೆರೆದವು. ಕೊಳ್ಳುವವರ ಖಾತ್ರಿಯಿದ್ದರೆ ಬೆಳೆಯುವವರು ಇದ್ದಾರೆ.

ಜನರೇ ಅನ್ನ ಬಯಸುತ್ತಾರೆ ಎಂಬ ಇನ್ನೊಂದು ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಅನ್ನವನ್ನು ಹಬ್ಬಕ್ಕೆ ಮಾತ್ರ ಕಂಡ ಮನೆಗಳಿಗೆ 2 ರೂಪಾಯಿಯ ಅಕ್ಕಿ ಹೊಟ್ಟೆಯ ಜೊತೆ ಮರ್ಯಾದೆಯನ್ನೂ ತುಂಬಿತು. ಅದನ್ನು ಕಸಿಯಬೇಕೆಂದು ಯಾರೂ ಹೇಳಬಾರದು. ಕೇಳುತ್ತಿರುವುದು ತಟ್ಟೆಯಲ್ಲಿ ಅನ್ನದ ಪಕ್ಕ ಎರಡು ರೊಟ್ಟಿ, ಅದೇ ದರಕ್ಕೆ. ಶುರುಮಾಡಲು ತಾಂಡೂರಿಗಿಂತ ತಕ್ಕ ಊರಿಲ್ಲ. ಫರಸಿ ಕಲ್ಲಿನ ಗಣಿ, ಪಾಲಿಶ್ ಘಟಕಗಳ ಕೂಲಿಕಾರರು ಅಲ್ಲಿದ್ದಾರೆ. 2022ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿ ಅಲ್ಲಿಯದೇ. ಮಾರುಕಟ್ಟೆ ಯಾರ್ಡಿನ ಬಳಿ ಸರ್ಕಾರವೇ ಒಂದು ಕ್ಯಾಂಟೀನು ತೆರೆದು, ಪೆದ್ದೆಮುಲ್ ಕಡೆಯ ಮಹಿಳಾ ಸಂಘಗಳಿಂದ ರೊಟ್ಟಿ ಕೊಂಡು, ಒಂದು ವರ್ಷದ ಜಮಾ-ಖರ್ಚನ್ನು ಜನರ ಮುಂದಿಡಲಿ.