ಒಂದು ಪಡಿ, ಹಲವು ಪಾಲು

ಮನೆವಾರ್ತೆಯ ಲೆಕ್ಕವನ್ನು ಬರೆದಿಡುವ ಪದ್ಧತಿಯು ಇಂದಿಗೂ ಉಳಿದಿರುವ ಮನೆಗಳಲ್ಲಿ ತಿಂಗಳ ಖರ್ಚಿನ ಪುಟವನ್ನು ತೆರೆದು ನೋಡಿದರೆ, ಜೋಳ, ಅಕ್ಕಿ, ಬೇಳೆ, ಎಣ್ಣೆ, ಹಾಲು, ವಿದ್ಯುತ್ತು ಇವುಗಳ ಸಾಲಿನಲ್ಲಿಯೇ ಮೊಬೈಲ್ ರಿಚಾರ್ಜ್ ಎಂಬ ಹೊಸ ಬಾಬೊಂದು ಸ್ಥಿರವಾಗಿ ನೆಲೆಸಿರುವುದು ಕಂಡುಬರುತ್ತದೆ. ಭಾರತದ ಮೊದಲ ಮೊಬೈಲ್ ಕರೆಯು 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕೇಂದ್ರದ ಸಂಪರ್ಕ ಸಚಿವರಾಗಿದ್ದ ಸುಖರಾಮ್ ಅವರೊಡನೆ ಅಂದು ಮಾತನಾಡಿದರು. ಆಗ ಶ್ರೀಮಂತರ ಕೈಯ ಭೂಷಣವಾಗಿದ್ದ ಆ ವಸ್ತುವು ಮೂರು ದಶಕಗಳೊಳಗಾಗಿ ಹೊಲಕ್ಕೆ ಹೋಗುವ ರೈತನ ಅಂಗಿಯ ಜೇಬನ್ನು ಸೇರಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಆರಂಭವಾದ ಮೇಲೆ ಉಂಟಾದ ಪೈಪೋಟಿಯಿಂದ, ಒಂದು ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ತೆರಬೇಕಾಗಿದ್ದ ಕಾಲವು ಹೋಗಿ, ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ದೊರೆಯುವ ಕಾಲವು ಬಂದಿತು.

ಆದರೆ ಸೌಲಭ್ಯವು ಬೆಳೆದಂತೆ ಅದನ್ನು ಬಳಸುವ ಬಾಯಿಗಳೂ ಬೆಳೆದಿವೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು. ತಂದೆಯು ಅದನ್ನು ಕೆಲಸಕ್ಕೆ ಒಯ್ದರೆ ಮಕ್ಕಳಿಗೆ ಪಾಠವಿಲ್ಲ. ಮಕ್ಕಳಿಗೆ ಬಿಟ್ಟುಹೋದರೆ ತಂದೆಗೆ ಕೆಲಸದ ಕರೆಯಿಲ್ಲ. ಆ ಕಷ್ಟವನ್ನು ಕಂಡ ಪಾಲಕರು ಸಾಲ ಮಾಡಿಯಾದರೂ ಎರಡನೆಯ ಫೋನನ್ನು ತಂದರು. ಬಂಧುಗಳು ಹಳೆಯ ಟ್ಯಾಬನ್ನು ಕೊಟ್ಟರು. ಹಿರಿಯ ಮಗನು ಕಾಲೇಜಿಗೆ ಹೋದಾಗ ಲ್ಯಾಪ್‌ಟಾಪ್ ಬಂದಿತು. ಹಬ್ಬದ ರಿಯಾಯಿತಿಯಲ್ಲಿ ಇಂಟರ್ನೆಟ್ಟಿಗೆ ಹೊಂದಿಕೊಳ್ಳುವ ಟಿವಿಯೂ ಬಂದಿತು. ಉಪಕರಣಗಳು ನಾಲ್ಕಾದವು. ರಿಚಾರ್ಜ್ ಮಾತ್ರ ಒಂದೇ ಉಳಿಯಿತು. ಆ ಒಂದು ಫೋನಿನ ಹಾಟ್‌ಸ್ಪಾಟಿನಿಂದಲೇ ಉಳಿದೆಲ್ಲವೂ ನಡೆಯಬೇಕಾದ ಸ್ಥಿತಿಯು ಇಂದು ಮಧ್ಯಮ ಮತ್ತು ಬಡ ಕುಟುಂಬಗಳಲ್ಲಿ ಸಾಮಾನ್ಯವಾಗಿದೆ.

"ಡೇಟಾ ಈಗ ಅಗ್ಗವಾಗಿದೆ, ಅದಕ್ಕೇಕೆ ಇಷ್ಟು ಲೆಕ್ಕಾಚಾರ?" ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಜಿಬಿಯೊಂದರ ಬೆಲೆಯು ಇಳಿದಿರುವುದು ನಿಜ. ಆದರೆ 28 ದಿನಗಳ ಅವಧಿಯ ಯೋಜನೆಯನ್ನು ಕೊಳ್ಳುವವನು ವರ್ಷಕ್ಕೆ 12 ಸಲವಲ್ಲ, 13 ಸಲ ಹಣ ತೆರುತ್ತಾನೆಂಬುದೂ ಅಷ್ಟೇ ನಿಜ. 2024ರ ಜುಲೈಯಲ್ಲಿ ಪ್ರಮುಖ ಖಾಸಗಿ ಕಂಪನಿಗಳೆಲ್ಲವೂ ದರವನ್ನು ಏರಿಸಿದುದನ್ನೂ ಮರೆಯಲಾಗದು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹಿಂದೆ ಆಳುಗಳಿಗೆ ದಿನದ ಪಡಿಯನ್ನು ಅಳೆದು ಕೊಡುತ್ತಿದ್ದಂತೆ, ಇಂದಿನ ಬಹುಪಾಲು ಪ್ರೀಪೇಡ್ ಯೋಜನೆಗಳು ಡೇಟಾವನ್ನು ದಿನದ ಪಡಿಯಾಗಿ ಕೊಡುತ್ತವೆ. ಆ ಪಡಿಯಲ್ಲಿ ಉಳಿದ ಧಾನ್ಯವನ್ನು ಮಡಕೆಯಲ್ಲಿ ಕೂಡಿಡಬಹುದಾಗಿತ್ತು. ಈ ಪಡಿಯಲ್ಲಿ ಉಳಿದುದು ಸಾಮಾನ್ಯವಾಗಿ ಮಧ್ಯರಾತ್ರಿಗೆ ಇಲ್ಲವಾಗುತ್ತದೆ. ಆದುದರಿಂದ ಇಲ್ಲಿ ಇಂದು ಕೈ ಬಿಗಿಹಿಡಿದವನಿಗೆ ನಾಳೆ ಹೆಚ್ಚು ದೊರೆಯುವುದಿಲ್ಲ. ಹಿರಿಯರು ಕಲಿಸಿದ ಉಳಿತಾಯದ ಪಾಠವು ಈ ಒಂದು ವಿಷಯದಲ್ಲಿ ನಿರುಪಯೋಗಿ. ಇದು ಉಳಿತಾಯದ ಪ್ರಶ್ನೆಯೇ ಅಲ್ಲ, ಹಂಚಿಕೆಯ ಪ್ರಶ್ನೆ. ಇಂದಿನ ಪಡಿಯಲ್ಲಿ ಯಾರ ಪಾಲು ಮೊದಲು, ಯಾರ ಪಾಲು ಕೊನೆಗೆ ಎಂಬುದನ್ನು ಮನೆಯು ನಿರ್ಧರಿಸಬೇಕು. ಮನೆಯು ನಿರ್ಧರಿಸದಿದ್ದರೆ ಯಂತ್ರವು ನಿರ್ಧರಿಸುತ್ತದೆ.

ಯಂತ್ರವು ಹೇಗೆ ನಿರ್ಧರಿಸುತ್ತದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದ ಲ್ಯಾಪ್‌ಟಾಪಿನ ಕಣ್ಣಿಗೆ ಅದು ಒಂದು ವೈ-ಫೈ ಸಂಪರ್ಕ. ವೈ-ಫೈ ಎಂದರೆ ತಂತಿಯಿಂದ ಬರುವ ಧಾರಾಳವಾದ ಸಂಪರ್ಕವೆಂದೇ ಅನೇಕ ತಂತ್ರಾಂಶಗಳು ಭಾವಿಸುತ್ತವೆ. ಅದರ ಹಿಂದಿರುವುದು ಒಂದೂವರೆ ಜಿಬಿಯ ಬಡ ಪಡಿಯೆಂಬುದು ಅವುಗಳಿಗೆ ತಿಳಿಯದು. ಆದ್ದರಿಂದ ಯಾರೂ ಕೇಳದಿದ್ದರೂ ನೂರಾರು ಎಂಬಿಯ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳಲು ಅವು ತೊಡಗುತ್ತವೆ. ಟ್ಯಾಬಿನಲ್ಲಿರುವ ಹಳೆಯ ಛಾಯಾಚಿತ್ರಗಳೆಲ್ಲವೂ ದೂರದ ಸಂಗ್ರಹಕ್ಕೆ ಏರತೊಡಗುತ್ತವೆ. ಟಿವಿಯಂತೂ ಸಂಪರ್ಕದ ವೇಗವನ್ನು ನೋಡಿ ತನಗೆ ಸಾಧ್ಯವಾದಷ್ಟು ಸ್ಪಷ್ಟವಾದ ಚಿತ್ರವನ್ನೇ ಆರಿಸಿಕೊಳ್ಳುತ್ತದೆ. ಅಂತಹ ಉನ್ನತ ಸ್ಪಷ್ಟತೆಯ ಒಂದು ಗಂಟೆಯ ಚಲನಚಿತ್ರವು 3 ಜಿಬಿಯವರೆಗೂ ನುಂಗಬಲ್ಲುದು. ಅರ್ಧ ಗಂಟೆಯಲ್ಲಿ ಇಡೀ ಮನೆಯ ಆ ದಿನದ ಪಡಿ ಮುಗಿಯಿತೆಂದೇ ಅರ್ಥ. ಇನ್ನು ವಾಟ್ಸಾಪನ್ನು ಫೋನಿನೊಡನೆ ಇತರ ಉಪಕರಣಗಳಿಗೂ ಜೋಡಿಸಿದ್ದರೆ, ಒಂದೇ ಚಿತ್ರವು ಫೋನಿನಲ್ಲಿ ಒಮ್ಮೆ, ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ, ಟ್ಯಾಬಿನಲ್ಲಿ ಮಗುದೊಮ್ಮೆ ಇಳಿಯಬಹುದು. ಒಂದೇ ಕೊಡದ ನೀರನ್ನು ಮೂರು ಸಲ ಬಾವಿಯಿಂದ ಸೇದಿದಂತೆ ಇದು.

ಪಡಿಯು ಮುಗಿದ ಮೇಲೆ ಸಂಪರ್ಕವು ಪೂರ್ಣವಾಗಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ವೇಗವು ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಯುತ್ತದೆ. ಎಂಟು ಬಿಟ್ಟುಗಳಿಗೆ ಒಂದು ಬೈಟ್ ಎಂಬ ಲೆಕ್ಕದಂತೆ ಇದು ಸೆಕೆಂಡಿಗೆ 8 ಕೆಬಿ. ಈ ವೇಗದಲ್ಲಿ 10 ಎಂಬಿಯ ಒಂದು ಪಾಠದ ಕಡತವು ಬಂದು ಸೇರಲು 20 ನಿಮಿಷಗಳಿಗೂ ಹೆಚ್ಚು ಕಾಲ ಬೇಕು. ಸಂಜೆ ಏಳು ಗಂಟೆಗೆ ಅಭ್ಯಾಸಕ್ಕೆ ಕುಳಿತ ಹತ್ತನೆಯ ತರಗತಿಯ ಬಾಲಕಿಯ ಎದುರಿನ ಪರದೆಯಲ್ಲಿ ಚಕ್ರವೊಂದು ಸುತ್ತುತ್ತಲೇ ಇರುವುದಕ್ಕೆ, ಮಧ್ಯಾಹ್ನ ಯಾರೂ ನೋಡದ ಹೊತ್ತಿನಲ್ಲಿ ಲ್ಯಾಪ್‌ಟಾಪು ತಾನೇ ತಾನಾಗಿ ಉಂಡುಬಿಟ್ಟ ಪಾಲು ಕಾರಣವಾಗಿರಬಹುದು. ಆಕೆಯು ಮಧ್ಯರಾತ್ರಿಯ ಹೊಸ ಪಡಿಗಾಗಿ ಎಚ್ಚರವಾಗಿ ಕಾಯಬೇಕೇ? ನಿದ್ದೆಗೆಟ್ಟ ಮಗುವು ಮರುದಿನ ತರಗತಿಯಲ್ಲಿ ಏನನ್ನು ಗ್ರಹಿಸೀತು?

ಇಲ್ಲಿ ಬಾಲಕಿಯ ಉದಾಹರಣೆಯನ್ನು ಕೊಟ್ಟಿರುವುದು ಆಕಸ್ಮಿಕವಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಗಂಡಸರು ದೇಶದಲ್ಲಿ ನೂರಕ್ಕೆ 57ರಷ್ಟಿದ್ದರೆ ಹೆಂಗಸರು 33ರಷ್ಟೇ ಇದ್ದರು. ಮನೆಯಲ್ಲಿ ಹಂಚಿಕೆಗೆ ನಿಯಮವಿಲ್ಲದಿದ್ದಾಗ ಫೋನು ಮೊದಲು ಯಾರ ಕೈ ಸೇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ನವನ್ನು ಬಡಿಸುವಾಗ ಎಲ್ಲರ ತಟ್ಟೆಯನ್ನೂ ನೋಡಿ ಬಡಿಸುವ ಗೃಹಿಣಿಯ ಕಣ್ಣು ಈ ಪಡಿಯ ಮೇಲೆಯೂ ಬೀಳಬೇಕಾಗಿದೆ.

ಇದಕ್ಕೆ ಉಪಾಯಗಳು ಕಠಿಣವಾದವುಗಳಲ್ಲ. ಮೊದಲನೆಯದಾಗಿ, ಲೆಕ್ಕ. ಯಾವ ಕಾರ್ಯಕ್ಕೆ ಎಷ್ಟು ಡೇಟಾ ಹೋಯಿತೆಂಬುದನ್ನು ಫೋನಿನ ಸೆಟ್ಟಿಂಗ್ಸಿನಲ್ಲಿಯೇ ನೋಡಬಹುದು. ಒಂದು ವಾರ ಅದನ್ನು ಗಮನಿಸಿದರೆ ಸೋರುವ ತೂತು ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಎರಡನೆಯದಾಗಿ, ಯಂತ್ರದ ಬಾಯಿಗೆ ಕುಕ್ಕೆ. ಲ್ಯಾಪ್‌ಟಾಪಿನಲ್ಲಿ ಈ ಸಂಪರ್ಕವು 'ಮೀಟರ್ಡ್', ಅಂದರೆ ಅಳತೆಯುಳ್ಳದ್ದು ಎಂದು ಗುರುತಿಸಿಬಿಟ್ಟರೆ ಅದು ತನ್ನ ಬಹಳಷ್ಟು ಗುಪ್ತ ವ್ಯಯವನ್ನು ತಡೆಹಿಡಿಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಡೇಟಾ ಸೇವರ್ ಎಂದೂ, ಐಫೋನುಗಳಲ್ಲಿ ಲೋ ಡೇಟಾ ಮೋಡ್ ಎಂದೂ ಇದೇ ಬಗೆಯ ವ್ಯವಸ್ಥೆಯುಂಟು. ವಾಟ್ಸಾಪಿನಲ್ಲಿ ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸಬಹುದು; ವಿಡಿಯೋದ ಸ್ಪಷ್ಟತೆಯನ್ನು ಕೈಯಾರೆ ತಗ್ಗಿಸಬಹುದು. ಮೂರನೆಯದಾಗಿ, ಒಮ್ಮೆ ಇಳಿಸಿದ ಪಾಠವನ್ನು ಒಂದು ಉಪಕರಣದಿಂದ ಇನ್ನೊಂದಕ್ಕೆ ಬ್ಲೂಟೂತ್ ಮೊದಲಾದ ಮಾರ್ಗಗಳಿಂದ ಡೇಟಾ ಖರ್ಚಿಲ್ಲದೆ ಸಾಗಿಸಬಹುದು. ನಾಲ್ಕನೆಯದು, ಕ್ರಮ: ಮಕ್ಕಳ ಅಭ್ಯಾಸವು ಮುಗಿದ ಮೇಲೆಯೇ ಮನರಂಜನೆ, ಕೆಲಸವಿಲ್ಲದಾಗ ಹಾಟ್‌ಸ್ಪಾಟ್ ಬಂದ್. ರಾತ್ರಿ ಹತ್ತರ ಹೊತ್ತಿಗೆ ಪಡಿಯಲ್ಲಿ ಉಳಿದಿದ್ದರೆ ನಾಳಿನ ಪಾಠವನ್ನು ಆಗಲೇ ಇಳಿಸಿಟ್ಟುಕೊಳ್ಳುವುದು. ನಾಳೆಗೆ ಉಳಿಯದ ಡೇಟಾವನ್ನು ನಾಳೆಗೆ ಉಳಿಯುವ ಪಾಠವನ್ನಾಗಿ ಮಾಡಿಕೊಳ್ಳಲು ಇದೊಂದೇ ದಾರಿ.

ಯೋಜನೆಯ ಆಯ್ಕೆಯಲ್ಲಿಯೂ ವಿವೇಚನೆ ಬೇಕು. ತಿಂಗಳ ಲೆಕ್ಕ ತಪ್ಪಬಾರದೆನ್ನುವವರಿಗೆ 30 ದಿನಗಳ ಅವಧಿಯ ಯೋಜನೆಯನ್ನೂ ಒದಗಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. 2024ರ ಡಿಸೆಂಬರಿನಲ್ಲಿ, ಡೇಟಾ ಇಲ್ಲದೆ ಕೇವಲ ಕರೆ ಮತ್ತು ಸಂದೇಶಗಳಿಗಾಗಿ ಪ್ರತ್ಯೇಕ ಯೋಜನೆಗಳಿರಬೇಕೆಂದು ವಿಧಿಸಿತು. ಅಜ್ಜನ ಕೀಲಿಗಳ ಹಳೆಯ ಫೋನಿಗೆ ಡೇಟಾ ಸಹಿತವಾದ ಯೋಜನೆಯನ್ನು ಹಾಕಿಸಿ, ಅದು ಪ್ರತಿ ಮಧ್ಯರಾತ್ರಿ ವ್ಯರ್ಥವಾಗಲು ಬಿಡುವುದಕ್ಕಿಂತ, ಆ ಹಣದ ಒಂದು ಭಾಗವನ್ನು ಮಕ್ಕಳು ಬಳಸುವ ಫೋನಿನ ಯೋಜನೆಗೆ ಸೇರಿಸುವುದು ಲೇಸು. 5ಜಿ ವ್ಯಾಪ್ತಿಯಿರುವ ಊರುಗಳಲ್ಲಿ ದಿನದ ಮಿತಿಯನ್ನು ಸಡಿಲಿಸಿದ ಯೋಜನೆಗಳೂ ಇವೆ; ಆದರೆ ಅದಕ್ಕೆ ತಕ್ಕ ಫೋನೂ, ಹೆಚ್ಚಿನ ದರವೂ ಬೇಕಾಗುವುದರಿಂದ ಅವು ಎಲ್ಲರ ಕೈಗೆ ಎಟುಕುವ ಪರಿಹಾರಗಳಲ್ಲ.

ಇಷ್ಟೆಲ್ಲವೂ ಮನೆಯ ಕರ್ತವ್ಯವಾಯಿತು. ಶಾಲೆಯ ಕರ್ತವ್ಯವೇನೂ ಇಲ್ಲವೇ? ಶಿಕ್ಷಕರು ಕಳುಹಿಸುವ ಪ್ರತಿಯೊಂದು ಕಡತವೂ ಯಾವುದೋ ಒಂದು ಮನೆಯ ಪಡಿಯಿಂದ ಖರ್ಚಾಗುತ್ತದೆಂಬ ಅರಿವು ಇರಬೇಕಾದುದು ಅಗತ್ಯ. ಟಿಪ್ಪಣಿಯ ಹತ್ತು ಪುಟಗಳನ್ನು ಫೋನಿನಿಂದ ಚಿತ್ರ ತೆಗೆದು ಕುಗ್ಗಿಸದೆ ಕಳುಹಿಸಿದರೆ ಅದು ಸುಲಭವಾಗಿ 30 ಎಂಬಿಯನ್ನು ಮುಟ್ಟುತ್ತದೆ. ಪಡಿ ಮುಗಿದ ಫೋನಿನಲ್ಲಿ ಅದು ಇಳಿಯಲು ಒಂದು ಗಂಟೆ ಬೇಕು. ಅದನ್ನೇ ಕನ್ನಡದಲ್ಲಿ ಬೆರಳಚ್ಚು ಮಾಡಿ ಸಂದೇಶವಾಗಿ ಕಳುಹಿಸಿದರೆ? ಯೂನಿಕೋಡಿನ ರೂಢಿಯ ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟುಗಳು. ಪುಟಕ್ಕೆ 2,000 ಸಂಕೇತಗಳೆಂದು ಹಿಡಿದರೂ ಹತ್ತು ಪುಟಗಳು 60 ಕೆಬಿ ಮಾತ್ರ. ಅದೇ ಮಂದಗತಿಯ ಫೋನಿಗೆ ಅವು ಎಂಟು ಸೆಕೆಂಡುಗಳಲ್ಲಿ ಬಂದು ಸೇರುತ್ತವೆ. ಒಂದು ಗಂಟೆಗೂ ಎಂಟು ಸೆಕೆಂಡಿಗೂ ಇರುವ ಅಂತರವು ಶಿಕ್ಷಕರ ಅರ್ಧ ತಾಸಿನ ಶ್ರಮದಲ್ಲಿದೆ. ಮಾತಿನಿಂದಲೇ ತಿಳಿಸಬಹುದಾದ ಪಾಠಕ್ಕೆ ವಿಡಿಯೋ ಬೇಕಾಗಿಲ್ಲ, ಧ್ವನಿಮುದ್ರಣವು ಸಾಕು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತಗಳ ಮೂಲಕ ದೊರೆಯುವ, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳನ್ನು ಒಮ್ಮೆ ಇಳಿಸಿಕೊಂಡು ಸಂಪರ್ಕವಿಲ್ಲದಾಗಲೂ ನೋಡಬಹುದೆಂಬುದನ್ನು ಮಕ್ಕಳಿಗೆ ತೋರಿಸಿಕೊಡಬೇಕು.

ಕೊನೆಯದಾಗಿ, ದಾನಿಗಳಿಗೆ ಮತ್ತು ಹಳೆಯ ವಿದ್ಯಾರ್ಥಿಗಳಿಗೆ ಸಲ್ಲಬೇಕಾದ ಮಾತೊಂದಿದೆ. ಶಾಲೆಗಳಿಗೆ ಟ್ಯಾಬುಗಳನ್ನು ಕೊಡುಗೆಯಾಗಿ ನೀಡುವ ಔದಾರ್ಯವು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿರುವುದು ಸಂತೋಷದ ಸಂಗತಿ. ಆದರೆ ಹಸುವನ್ನು ದಾನವಾಗಿ ಕೊಡುವವರು ಮೇವಿನ ವಿಚಾರವನ್ನೂ ಮಾಡಬೇಕಲ್ಲವೇ? ದಿನಗೂಲಿಯ ಮನೆಗೆ ಹೋದ ಹೊಸ ಟ್ಯಾಬು, ಅಲ್ಲಿಯ ಒಂದೇ ಪಡಿಗೆ ಐದನೆಯ ಬಾಯಿಯಾಗಿ ಸೇರಿಕೊಳ್ಳುತ್ತದೆ. ಅದೇ ಹಣದ ಒಂದಂಶದಿಂದ ಶಾಲೆಯ ವಾಚನಾಲಯಕ್ಕೋ ವಿದ್ಯಾರ್ಥಿ ನಿಲಯಕ್ಕೋ ತಂತಿಯ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಕೊಡಿಸಿ, ಸಂಜೆ ಎರಡು ತಾಸು ಅದನ್ನು ತೆರೆದಿಟ್ಟು, ಮಕ್ಕಳು ವಾರದ ಪಾಠಗಳನ್ನು ಅಲ್ಲಿಯೇ ತುಂಬಿಕೊಂಡು ಮನೆಗೆ ಹೋಗುವಂತೆ ಮಾಡಿದರೆ, ನೂರು ಮನೆಗಳ ಪಡಿಯ ಮೇಲಿನ ಭಾರವು ಒಮ್ಮೆಲೇ ಇಳಿಯುತ್ತದೆ. ಅಂತಹ ಕೊಡುಗೆಯ ಮೇಲೆ ದಾನಿಯ ಹೆಸರಿನ ಫಲಕವು ಕಾಣದಿರಬಹುದು. ಉಪಯೋಗವು ಮಾತ್ರ ಪ್ರತಿ ಸಂಜೆ ಕಾಣುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಂತೆ, ಹಂಚಿಕೆಯನ್ನು ಬಲ್ಲ ಮನೆಗೆ ಈ ಕೊರತೆಯು ಅಷ್ಟಾಗಿ ಬಾಧಿಸದು. ಮನೆಯಲ್ಲಿ ಉಪಕರಣಗಳು ಇನ್ನೂ ಹೆಚ್ಚಬಹುದು; ಯೋಜನೆಗಳ ಹೆಸರು, ದರಗಳು ಬದಲಾಗಬಹುದು. ಆದರೆ ಇರುವ ಒಂದು ಪಡಿಯಲ್ಲಿ ಕಲಿಯುವ ಮಗುವಿನ ಪಾಲನ್ನು ಮೊದಲು ತೆಗೆದಿರಿಸುವ ನಿಯಮವು ಬದಲಾಗಬೇಕಾಗಿಲ್ಲ. ಪಾಲಕರು ಆ ಪಾಲನ್ನು ಕಾದು, ಶಿಕ್ಷಕರು ಅದರ ಮೇಲಿನ ಹೊರೆಯನ್ನು ತಗ್ಗಿಸಿ, ದಾನಿಗಳು ಅದಕ್ಕೆ ಪೂರಕವಾಗಿ ನಿಂತರೆ, ಸಂಜೆ ಏಳು ಗಂಟೆಗೆ ಪುಸ್ತಕ ತೆರೆದು ಕುಳಿತ ಬಾಲಕಿಯು ಮಧ್ಯರಾತ್ರಿಯವರೆಗೆ ಕಾಯಬೇಕಾಗಿ ಬಾರದು.