ಗಾಲಿ ಚಂದ ಕಾಣಾಕ ಅಲಾಯ್ ಬೇಕಾಗಿಲ್ಲ

ಖಂಡೇನವಮಿ ಹತ್ತರ ಬಂತಂದ್ರ ನಮ್ಮ ಮಂದಿಗೆ ಎರಡು ಹುಚ್ಚು ಹಿಡಿತಾವು. ಒಂದು, ಕಾರಿನ ಟೈರಿಗೆ ಹಳೇ ಇಂಜಿನ್ ಆಯಿಲ್ ಬಳದು ಕರ್ರಗ ಮಿಂಚಸೂದು. ಇನ್ನೊಂದು, ಹುಬ್ಬಳ್ಳಿಗೆ ಹೋಗಿ ಅಲಾಯ್ ವ್ಹೀಲಿನ ರೇಟ್ ಕೇಳಿ ಬರೂದು. ಮೊದಲನೇದು ಟೈರ್ ಹಾಳು ಮಾಡತೈತಿ, ಎರಡನೇದು ಕಿಸೆ. ಎರಡೂ ಬ್ಯಾಡ ಅನ್ನೂದು ನನ್ನ ವಾದ.

ಹಂಗಂತ ಗಾಡಿ ಚಂದ ಕಾಣಬೇಕು ಅನ್ನೂ ಆಸೆ ತಪ್ಪಲ್ಲ. ‘ರೈತಗ ಯಾಕ ಬೇಕು ಶೋಕಿ’ ಅನ್ನಾವ್ರ ಮಾತನ್ನ ನಾ ಒಪ್ಪೂದಿಲ್ಲ. ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದ ಮಂದಿ ನಾವು. ಚಕ್ಕಡಿ ಗಾಲಿಗೆ ಕೀಲೆಣ್ಣಿ ಹಾಕಿ, ಬಣ್ಣ ಬಳದು ಜಾತ್ರಿಗೆ ಹೊಡಕೊಂಡು ಹೋದವರು. ಆ ಶೋಕಿಯೊಳಗ ಒಂದು ಲಾಭನೂ ಇತ್ತು. ಬಣ್ಣ ಹಚ್ಚಬೇಕಂದ್ರ ಗಾಲಿ ಮುಂದ ಕುಂದ್ರಬೇಕು. ಕುಂತಾಗ ಕಬ್ಬಿಣದ ಪಟ್ಟಿ ಸಡ್ಲಾಗಿದ್ದು, ಕಟ್ಟಿಗಿ ಸೀಳಿದ್ದು ಕಣ್ಣಿಗೆ ಬೀಳತಿತ್ತು. ಕಾರಿನ ಗಾಲಿ ಮುಂದ ನಾವು ಕುಂದ್ರೂದು ಪಂಕ್ಚರ್ ಆದಾಗ ಅಷ್ಟ.

ನಮ್ಮ ಕಡೆ ಗಾಲಿಗೆ ಶತ್ರು ಮಣ್ಣು. ನವಲಗುಂದ ದಿಕ್ಕಿನ ಎರಿ ಮಣ್ಣು ರಿಮ್ಮಿನ ಒಳಮೈಗೆ ಹತ್ತಿ ಒಣಗಿದ್ರ ಸಿಮೆಂಟ್ ಆದಂಗ. ಕಲಘಟಗಿ, ಅಳ್ನಾವರ ಕಡೆ ಹೋದ್ರ ಕೆಂಪು ಧೂಳಿ. ಬೈಪಾಸಿನ್ಯಾಗ ಅರವತ್ತು ಎಪ್ಪತ್ತರ ಸ್ಪೀಡಿಗೆ ಸ್ಟೇರಿಂಗ್ ನಡಗಾಕ ಹತ್ತಿದ್ರ ಸೀದಾ ಅಲೈನ್‌ಮೆಂಟ್ ಮಾಡಸಾಕ ಹೋಗತೀವಿ. ಮೊದಲ ಗಾಲಿ ಒಳಗ ಕೈ ಹಾಕಿ ನೋಡ್ರಿ. ಒಂದು ಬದಿಗೆ ಮಣ್ಣಿನ ಹೆಂಟಿ ಕುಂತಿದ್ರ ಬ್ಯಾಲೆನ್ಸ್ ತಪ್ಪತೈತಿ, ಅದನ್ನ ಕೆತ್ತಿ ತಗದ್ರ ಎಷ್ಟೋ ಸಲ ನಡುಕ ನಿಂತಬಿಡತೈತಿ. ಇನ್ನ ಓಮ್ನಿ, ಬೊಲೇರೊದಾಗ ಗೊಬ್ಬರದ ಚೀಲ ಹೇರಾವ್ರಿಗೆ ತುಕ್ಕಿನ ಕಾಟ ಬ್ಯಾರೆ. ಪೊಟ್ಯಾಶ್ ಅಂದ್ರ ಒಂದು ಥರದ ಉಪ್ಪು. ಸೋರಿ ಹಸಿ ಕಬ್ಬಿಣಕ್ಕ ಹತ್ತಿದ್ರ ತುಕ್ಕು ಜೋರಾಗತೈತಿ.

ಸ್ಟೀಲ್ ರಿಮ್ ಮನ್ಯಾಗ ಹೊಸದು ಮಾಡೂ ಕೆಲಸ ಹೇಳತೀನಿ. ಹೆಸರು ಮುಗದು ಹಿಂಗಾರಿ ಬಿತ್ತನಿಗೆ ಇನ್ನೂ ತಡ ಇರೂ ಹೊತ್ತಿನ್ಯಾಗ ಎರಡು ದಿನದ ಕೆಲಸ. ಮೊದಲ ಸ್ಟೆಪ್ನಿಗೆ ಬಣ್ಣ ಹಚ್ಚರಿ. ಅದು ಒಣಗಿದ ಮ್ಯಾಲ ಒಂದು ಗಾಲಿ ಬಿಚ್ಚಿ ಅದರ ಜಾಗಕ್ಕ ಸ್ಟೆಪ್ನಿ ಹಾಕ್ರಿ, ಬಿಚ್ಚಿದ್ದಕ್ಕ ಬಣ್ಣ ಹಚ್ಚರಿ. ಹಿಂಗ ಸರತಿ ಪ್ರಕಾರ ಮಾಡಿದ್ರ ಜಾಕ್ ಮ್ಯಾಲ ಗಾಡಿ ನಿಲ್ಲಿಸಿ ಬಣ್ಣ ಒಣಗೂತನ ಕಾಯೂ ಪ್ರಸಂಗ ಬರೂದಿಲ್ಲ. ಹೊಲದ ಮೆತ್ತನ್ನ ನೆಲದಾಗ ಜಾಕ್ ಹಚ್ಚಬ್ಯಾಡ್ರಿ, ಹಚ್ಚಲೇಬೇಕಂದ್ರ ಕೆಳಗ ದಪ್ಪ ಹಲಗಿ ಇರ್ಲಿ. ನಟ್ ಸಡ್ಲ ಮಾಡೂದು ಗಾಡಿ ಎತ್ತೂಕಿಂತ ಮೊದಲ.

ಸೋಪಿನ ನೀರಿನಿಂದ ತೊಳದು, ತಂತಿ ಬ್ರಶ್ಶಿನಿಂದ ತುಕ್ಕು ಕೆರದು, 80 ನಂಬರ್ ಪಾಲೀಸ್ ಕಾಗದ, ಆಮ್ಯಾಲ 220 ತಿಕ್ಕಬೇಕು. ಬಣ್ಣ ಹಿಡಿಯೂದು ಬಿಡೂದು ಎಲ್ಲಾ ಈ ತಿಕ್ಕೂದರ ಮ್ಯಾಲ ಐತಿ, ಇಲ್ಲಿ ಗಡಿಬಿಡಿ ಮಾಡಿದ್ರ ಮಳಿಗಾಲಕ್ಕ ಪದರು ಎದ್ದು ಬರತೈತಿ. ರಿಮ್ಮಿನ ಅಂಚಿಗೆ ಸೀಸದ ತುಂಡು ಇರತಾವು, ಬ್ಯಾಲೆನ್ಸಿಂದು. ಅವನ್ನ ಕೀಳಬ್ಯಾಡ್ರಿ. ಥಿನ್ನರ್ ಬಟ್ಟಿಯಿಂದ ಒರಸಿ ರೆಡ್ ಆಕ್ಸೈಡ್ ಪ್ರೈಮರ್ ಕೊಡ್ರಿ. ಟೈರಿಗೆ ಬಣ್ಣ ಸಿಡೀಬಾರ್ದಂದ್ರ ಹಳೇ ಲಗ್ನಪತ್ರಿಕಿ ತುಂಡು ಮಾಡಿ ಟೈರಿಗೂ ರಿಮ್ಮಿಗೂ ನಡುವ ಸುತ್ತಲೂ ಸಿಗಸ್ರಿ. ಟೇಪಿನಕಿಂತ ಚೊಲೋ ಕೆಲಸ ಮಾಡತಾವು. (ಎಲ್ಲಾರ ಮನ್ಯಾಗೂ ಒಂದು ಚೀಲ ಲಗ್ನಪತ್ರಿಕಿ ಬಿದ್ದಿರತಾವು, ದೇವರ ಫೋಟೋ ಇದ್ದದ್ದು ಬಿಟ್ಟು ಉಳಿದದ್ದು ತಗೋರಿ.) ಸ್ಪ್ರೇ ಡಬ್ಬಿ ಎರಡು ನಿಮಿಷ ಅಲ್ಲಾಡಿಸಿ, ಒಂದು ಗೇಣು ದೂರದಿಂದ, ತೆಳುವಾಗಿ ಮೂರು ಸಲ, ನಡುವ ಹದಿನೈದು ನಿಮಿಷ ಬಿಟ್ಟು ಹೊಡೀರಿ. ಒಂದ ಸಲಕ್ಕ ದಪ್ಪ ಹೊಡದ್ರ ಇಳಕೊಂಡು ಹೋಗತೈತಿ. ಸುಭಾಸ ರೋಡಿನ್ಯಾಗ ಡಬ್ಬಿಗೆ 250ರಿಂದ 350 ರೂಪಾಯಿ, ಓಮ್ನಿಯಂಥ ಸಣ್ಣ ರಿಮ್ ನಾಕಕ್ಕ ಎರಡು ಡಬ್ಬಿ. ಪ್ರೈಮರ್, ಕಾಗದ ಎಲ್ಲಾ ಕೂಡಿ 1,200ರೊಳಗ ಮುಗೀತು.

ಆದ್ರ ಒಂದು ಜಾಗಕ್ಕ ಬಣ್ಣ ಬೀಳಬಾರ್ದು. ನಟ್ ಕುಂದ್ರೂ ತೂತಿನ ಅಂಚು, ಮತ್ತ ರಿಮ್ಮು ಹಬ್ಬಿಗೆ ಅಂಟಿ ಕುಂದ್ರೂ ಹಿಂಬದಿ. ಅಲ್ಲಿ ದಪ್ಪ ಬಣ್ಣ ಇದ್ರ ಓಡತಾ ಓಡತಾ ಅದು ಜಜ್ಜಿ ತೆಳ್ಳಗಾಗತೈತಿ, ಅಷ್ಟರ ಮಟ್ಟಿಗೆ ನಟ್ ಸಡ್ಲ ಆಗತಾವು. ಗಾಲಿ ಕಳಚಿ ಬೀಳೂದು ಹಿಂಗ. ಅದಕ್ಕ ಆ ಜಾಗ ಟೇಪ್ ಹಚ್ಚಿ ಮುಚ್ಚರಿ. ಗಾಲಿ ಹಾಕೂಮುಂದ ನಟ್ ಎದರಾಬದರಾ ಬಿಗೀರಿ, 50 ಕಿಲೋಮೀಟರ್ ಓಡಿದ ಮ್ಯಾಲ ಮತ್ತೊಮ್ಮೆ ಪಾನಾ ಹಚ್ಚರಿ. ತಿಕ್ಕೂಮುಂದ ತೂತಿನ ಸುತ್ತ ಕೂದಲೆಳಿಯಂಥ ಸೀಳು ಕಂಡ್ರ ಬಣ್ಣದ ಮಾತ ಬಿಡ್ರಿ, ಆ ರಿಮ್ ಗುಜರಿಗೆ.

ಪ್ಲಾಸ್ಟಿಕ್ ಕ್ಯಾಪ್ ನನಗ ಸೇರೂದಿಲ್ಲ. ಅಗ್ಗ ಖರೆ, ಐದು ನಿಮಿಷದಾಗ ಗಾಲಿ ಬೆಳ್ಳಗಾಗತೈತಿ. ಆದ್ರ ನಟ್ ಮುಚ್ಚತೈತಿ, ಹಿಂದ ಎರಿ ಮಣ್ಣು ತುಂಬತೈತಿ, ನಮ್ಮ ಹೊಲದ ದಾರಿಯೊಳಗ ಎರಡನೇ ತಗ್ಗಿಗೇ ಹಾರಿ ಹೋಗತೈತಿ.

ಅಲಾಯ್ ಹಾಕಸಾವ್ರು ಅಗಲ ಟೈರ್ ಹಾಕಿ ಮಡ್‌ಗಾರ್ಡಿನ ಹೊರಗ ಬರೂಹಂಗ ಮಾಡತಾರ. ಕಂಪನಿ ಕೊಟ್ಟ ಅಳತಿ ಮೀರಿ ಗಾಡಿ ಬದಲಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳೇತಿ. ಕಾಯ್ದೆ ಬದಿಗಿರ್ಲಿ, ಬೇರಿಂಗ್ ಮ್ಯಾಲ ಬೀಳೂ ಭಾರ ಯಾರು ಹೊರಬೇಕು? ಮೊದಲೇ ಅಲಾಯ್ ಇದ್ದವರು ಒಂದು ನೆಪ್ಪಿನ್ಯಾಗ ಇಡ್ರಿ: ಪಾಯಖಾನಿ ತೊಳಿಯೂ ಆಸಿಡ್ ಹಾಕಬ್ಯಾಡ್ರಿ, ಅಲ್ಯೂಮಿನಿಯಂ ತಿಂತೈತಿ. ಸೋಪು, ಮೆತ್ತನ್ನ ಬ್ರಶ್ ಸಾಕು.

ಇನ್ನ ಆ ಹಳೇ ಆಯಿಲ್ ವಿಷಯ. ರಬ್ಬರ್ ಎಣ್ಣಿ ಕುಡಿದು ಉಬ್ಬಿ ಮೆತ್ತಗಾಗತೈತಿ. ಡೀಸೆಲ್, ಚಿಮಣಿ ಎಣ್ಣಿನೂ ಅಷ್ಟ. ಸಿಡದು ಬ್ರೇಕಿಗೆ ಹತ್ತಿತಂದ್ರ ಪೂಜಿ ಮಾಡಿದ ಗಾಡಿ ನಿಲ್ಲೂದಿಲ್ಲ. ಕರ್ರಗ ಕಾಣಬೇಕಂದ್ರ ಔಷಧದ ಅಂಗಡಿಯಿಂದ ಗ್ಲಿಸರಿನ್ ತಂದು ಅಷ್ಟ ನೀರು ಕಲಿಸಿ ಟೈರಿನ ಬದಿಗೆ ಮಾತ್ರ, ನೆಲಕ್ಕ ಹತ್ತೂ ಮೈಗೆ ಬ್ಯಾಡ, ಬಟ್ಟಿಯಿಂದ ಒರಸ್ರಿ. ಒಂದು ಮಳಿಗೆ ತೊಳದು ಹೋಗತೈತಿ, ಹೋಗ್ಲಿ.

ಬಣ್ಣ ಯಾವುದು ಅಂತ ಕೇಳತೀರಿ. ಕರೇ ರಿಮ್ ಈಗಿನ ಹುಡುಗರಿಗೆ ಮೆಚ್ಚು, ಆದ್ರ ಕೆಂಪು ಧೂಳಿ ಅದರ ಮ್ಯಾಲ ಎದ್ದು ಕಾಣತೈತಿ. ಬೆಳ್ಳಿ ಬಣ್ಣಕ್ಕ ಎರಿ ಮಣ್ಣು ಎದ್ದು ಕಾಣತೈತಿ. ನಾನಂತೂ ಬೂದಿ ಬಣ್ಣದವ.