ಹಳೆಯ ಹೊತ್ತಗೆಯ ಹಂಬಲ

ಜಪಾನಿನಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಅದು ಬರಿಯ ಮಕ್ಕಳ ಸರಕೆಂದು ಮೂಗು ಮುರಿಯುವ ಮಹನೀಯರು ಟೋಕಿಯೋದ ‘ಮಂದರಕೆ’ಗೆ ಒಮ್ಮೆ ಹೋಗಬೇಕು. 1980ರಲ್ಲಿ ತೆರೆದ ಆ ಹಳೆಯ ಪುಸ್ತಕದಂಗಡಿಯಲ್ಲಿ ತಲೆ ನರೆತವರೂ ಬಾಲ್ಯದಲ್ಲಿ ಓದಿದ ಸಂಪುಟಗಳನ್ನು ಅರಸುತ್ತಾರೆ.

ಅದೇ ಕಥೆಯ ಹೊಸ ಮುದ್ರಣ ಸಾಲದೆ? ಸಾಲದು. ಶಿಚಿಮಾ ಸಕಾಯಿಯವರ ಕಥೆಗೆ ಒಸಾಮು ತೆಜುಕಾ 1947ರಲ್ಲಿ ಚಿತ್ರ ಬರೆದ ‘ಹೊಸ ನಿಧಿದ್ವೀಪ’ವನ್ನೇ ನೋಡಿ. ಮಕ್ಕಳ ಕೈಯಲ್ಲಿ ನಲುಗಿದ ಆ ಅಗ್ಗದ ಪ್ರತಿಗಳಲ್ಲಿ ಉಳಿದವು ವಿರಳ. ತಮ್ಮ ಸಮಗ್ರ ಕೃತಿಶ್ರೇಣಿಗೆ ಅದನ್ನು ಸೇರಿಸುವಾಗ ತೆಜುಕಾ ಆದ್ಯಂತವಾಗಿ ಮತ್ತೆ ಚಿತ್ರಿಸಿದರು. ಕರ್ತೃವಿಗೆ ಆ ಹಕ್ಕುಂಟು, ನಿಜ. ಆದರೆ ಓದುಗನ ನೆನಪಿನಲ್ಲಿದ್ದ ಪುಸ್ತಕದ ಗತಿಯೇನು? ಪಾಠಾಂತರಗಳ ಬೆನ್ನು ಹತ್ತಿ ಕಣ್ಣು ಕೆಡಿಸಿಕೊಂಡ ಕನ್ನಡ ಮೇಷ್ಟರಾದ ನಾನಂತೂ ಈ ಹಂಬಲವನ್ನು ಕಂಡು ನಗಲಾರೆ. ಮೂಲದ ಯಥಾಪ್ರತಿ ಅಚ್ಚಾಗಿ ಬಂದದ್ದು 2009ರಲ್ಲಿ, ತೆಜುಕಾ ತೀರಿಕೊಂಡ 20 ವರ್ಷಗಳ ಮೇಲೆ.